ಕೊಂಬನ್ನು ಅಳೆಯುವವರು

ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಹುಟ್ಟುವ ವಾದಗಳು ಸಾಮಾನ್ಯವಾಗಿ ಗಂಟೆ ಬಾರಿಸಿದೊಡನೆ ಸತ್ತುಹೋಗುತ್ತವೆ. ಹೋದ ತಿಂಗಳಿನ ಒಂದು ವಾದ ಮಾತ್ರ ನನ್ನನ್ನು ಮನೆಯವರೆಗೂ ಹಿಂಬಾಲಿಸಿಕೊಂಡು ಬಂದಿತು. ನಮ್ಮ ಅರ್ಥಶಾಸ್ತ್ರದ ಮಿತ್ರರು ತಮ್ಮ ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿದರು. ಒಂದು ಮರವೂ ಇಲ್ಲದ ಬೋಳು ಬೆಟ್ಟ. ಮುಂದೆ ಕಾಲು ಮಡಿಸಿ ಕೂರಿಸಿದ ಸತ್ತ ಟಗರು. ಅದರ ಹಿಂದೆ ಎರಡು ಕೈಗಳಿಂದ ಕೊಂಬು ಹಿಡಿದು ನಗುತ್ತಿರುವ ಒಬ್ಬ ಧನಿಕ. “ನೋಡಿ ಮೇಷ್ಟ್ರೇ, ಉಳಿದ ಕುರಿಗಳು ಬದುಕಿರುವುದು ಈ ಮನುಷ್ಯ ಕೊಟ್ಟ ಹಣದಿಂದ; ನಿಮ್ಮ ಅಹಿಂಸೆಯ ಪಾಠದಿಂದಲ್ಲ” ಎಂದರು. ನಾನು ಆಗತಾನೆ ತರಗತಿಯಲ್ಲಿ ಜನ್ನನ ‘ಯಶೋಧರ ಚರಿತೆ’ಯನ್ನು ಮುಗಿಸಿ ಬಂದಿದ್ದೆ; ಕೆಣಕಲು ಅವರಿಗೆ ಅಷ್ಟೇ ಸಾಕಾಗಿತ್ತು. ಅಂದು ನನಗೆ ಉತ್ತರ ಹೊಳೆಯಲಿಲ್ಲ. ಇಂದು ಹೇಳುತ್ತೇನೆ.

ಮೊದಲು ಆ ಪ್ರಾಣಿಯ ಪರಿಚಯವಾಗಲಿ. ಚಿತ್ರದಲ್ಲಿದ್ದ ನಾಡು ಪಾಮೀರ್. ತಾಜಿಕಿಸ್ತಾನ, ಆಫ್ಘಾನಿಸ್ತಾನ, ಚೀನ, ಪಾಕಿಸ್ತಾನಗಳ ಗಡಿಗಳು ಒಂದನ್ನೊಂದು ಸಮೀಪಿಸುವ ಎತ್ತರದ ಸೀಮೆ ಅದು. ಅಲ್ಲಿಯ ಮುರ್ಗಾಬ್ ಎಂಬ ಊರೇ ಸಮುದ್ರಮಟ್ಟದಿಂದ ಸುಮಾರು 3,600 ಮೀಟರ್ ಎತ್ತರದಲ್ಲಿದೆ. ಕಾಡುಕುರಿಗಳು ಇರುವುದು ಅದಕ್ಕೂ ಮೇಲೆ. ಬಲಿತ ಟಗರು ನೂರು ಕಿಲೋವನ್ನೂ ಮೀರಿ ತೂಗುತ್ತದೆ. ಅದರ ಕೊಂಬು ವರ್ಷಕ್ಕೊಂದು ಬಳೆಯಂತೆ ಬೆಳೆದು, ಸುರುಳಿ ಸುತ್ತಿ, ಹೊರಕ್ಕೆ ಚಾಚಿಕೊಳ್ಳುತ್ತದೆ. ದಾಖಲೆಯಾಗಿರುವ ಅತಿ ಉದ್ದದ ಕೊಂಬನ್ನು ಸುರುಳಿಗುಂಟ ಅಳೆದಾಗ 75 ಅಂಗುಲವಿತ್ತಂತೆ. ಅಂದರೆ ಆಳುದ್ದಕ್ಕಿಂತಲೂ ಹೆಚ್ಚು. 13ನೆಯ ಶತಮಾನದಲ್ಲಿ ಆ ದಾರಿಯಾಗಿ ಹೋದ ವೆನಿಸ್ಸಿನ ಮಾರ್ಕೋ ಪೋಲೋ ಈ ಕುರಿಯ ಸುದ್ದಿಯನ್ನು ಯೂರೋಪಿಗೆ ತಿಳಿಸಿದ. 1841ರಲ್ಲಿ ಎಡ್ವರ್ಡ್ ಬ್ಲೈತ್ ಎಂಬ ಪ್ರಾಣಿಶಾಸ್ತ್ರಜ್ಞ ಅವನ ಹೆಸರನ್ನೇ ಅದಕ್ಕೆ ಇಟ್ಟ. ಆ ಕೊಂಬಿನಿಂದ ಅಲ್ಲಿನ ಕುರುಬರು ಉಣ್ಣುವ ಬಟ್ಟಲು ಮಾಡಿಕೊಳ್ಳುತ್ತಾರೆ, ರಾತ್ರಿ ತಮ್ಮ ಮಂದೆಗೆ ದೊಡ್ಡಿ ಕಟ್ಟುತ್ತಾರೆ ಎಂದು ಮಾರ್ಕೋ ಪೋಲೋ ಹೇಳಿದ್ದಾನೆ. ಬಟ್ಟಲು, ದೊಡ್ಡಿ: ವಾಚಕರು ಈ ಎರಡು ಮಾತುಗಳನ್ನು ದಯವಿಟ್ಟು ನೆನಪಿಡಬೇಕು.

ಮುಂದೆ ಬಂದವರಿಗೆ ಬಟ್ಟಲೂ ಬೇಕಿರಲಿಲ್ಲ, ದೊಡ್ಡಿಯೂ ಬೇಕಿರಲಿಲ್ಲ. ಅವರು ತಂದದ್ದು ಅಳತೆಯ ಟೇಪು. ಸತ್ತ ಪ್ರಾಣಿಗಳ ಚರ್ಮಕ್ಕೆ ಹುರಿ ತುಂಬಿ ನಿಲ್ಲಿಸುವ ಲಂಡನ್ನಿನ ರೋಲಂಡ್ ವಾರ್ಡ್, 1892ರಲ್ಲಿ, ಯಾರು ಹೊಡೆದ ಮೃಗದ ಕೊಂಬು ಎಷ್ಟು ಅಂಗುಲ ಎಂಬುದರ ಪಟ್ಟಿಯನ್ನೇ ಅಚ್ಚು ಹಾಕಿಸಿದ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡೋರ್ ರೂಸ್‌ವೆಲ್ಟರ ಇಬ್ಬರು ಮಕ್ಕಳು 1925ರಲ್ಲಿ ಚಿಕಾಗೋ ವಸ್ತುಸಂಗ್ರಹಾಲಯದ ಹೆಸರಿನಲ್ಲಿ ಈ ಕುರಿಗಾಗಿ ಮಧ್ಯ ಏಷ್ಯಕ್ಕೆ ದಂಡಯಾತ್ರೆಯನ್ನೇ ಹೊರಟರು. ಅಂದಿನಿಂದ ಟಗರಿನ ಬೆಲೆ ಅದರ ತಲೆಯ ಮೇಲೆ ಕುಳಿತಿತು.

ನಾನು ಸಸ್ಯಾಹಾರದ ಪ್ರಚಾರಕನಲ್ಲ. ನಮ್ಮದು ಮಲೆನಾಡಿನ ಮನೆ. ಕಾಯಿದೆ ಬರುವುದಕ್ಕೆ ಮುಂಚಿನ ದಿನಗಳಲ್ಲಿ ನಮ್ಮಜ್ಜ ಕೋವಿ ಹಿಡಿದವರು. ಹಂದಿ ಬಿದ್ದರೆ ಪಾಲು ಹಾಕುವ ಕ್ರಮವನ್ನು ಅವರು ಕಥೆಯಂತೆ ಹೇಳುತ್ತಿದ್ದರು: ಹೊಡೆದವನಿಗೆ ಒಂದು ಪಾಲು ಹೆಚ್ಚು, ಸೋವಿಗೆ ಬಂದವರಿಗೆಲ್ಲ ಸಮಪಾಲು, ನಾಯಿಗೂ ಒಂದು ಪಾಲು. ಅದು ಸರಿಯೆಂದು ನಾನು ವಾದಿಸುವುದಿಲ್ಲ. ಆದರೆ ಅಲ್ಲಿ ಹಸಿವಿತ್ತು, ಊರಿತ್ತು, ಟೇಪು ಇರಲಿಲ್ಲ. ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದು, ತಾಜಿಕಿಸ್ತಾನದಲ್ಲಿ ಅಂತರ್ಯುದ್ಧ ಹೊತ್ತಿ, ಪಾಮೀರಿಗೆ ಹಿಟ್ಟು ಕಲ್ಲಿದ್ದಲು ಬರುವುದು ನಿಂತಾಗ, ಅಲ್ಲಿಯ ಜನ ಈ ಕುರಿಗಳನ್ನೇ ಹೊಡೆದು ತಿಂದರು. ಅವರ ಮೇಲೆ ಕಲ್ಲೆಸೆಯುವ ಕೈ ನನ್ನದಲ್ಲ.

ಈಗ ಮಿತ್ರರ ವಾದಕ್ಕೆ ಬರೋಣ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಇಂದು ಒಂದು ಟಗರನ್ನು ಹೊಡೆಯಲು ಪಾಮೀರಿಗೆ ಹೋಗುವ ಪರದೇಶಿ ಹತ್ತಾರು ಸಾವಿರ ಡಾಲರು ತೆರುತ್ತಾನೆ. ಆ ಹಣಕ್ಕಾಗಿ ಕಣಿವೆಯನ್ನು ಕಾಯುವವರು ಇರುವುದರಿಂದ ಕಳ್ಳಬೇಟೆ ತಗ್ಗಿದೆ. ಕುರಿಗಳು ಉಳಿದರೆ ಅವನ್ನು ತಿಂದು ಬದುಕುವ ಹಿಮಚಿರತೆಯೂ ಉಳಿಯುತ್ತದೆ. ಪಾಕಿಸ್ತಾನದ ವಶದಲ್ಲಿರುವ ಗಿಲ್ಗಿಟ್ ಸೀಮೆಯಲ್ಲಿ ಇಂಥ ಪರವಾನಗಿಯ ಹಣದಲ್ಲಿ ನೂರಕ್ಕೆ 80 ಪಾಲು ಹಳ್ಳಿಗೇ ಸಲ್ಲಬೇಕೆಂಬ ನಿಯಮವಿದೆ. ಇವೆಲ್ಲ ನಿಜ. ಶಾಲೆಯೊಂದು ಆ ಹಣದಿಂದ ನಡೆಯುವುದಾದರೆ, ಅದನ್ನು ಮುಚ್ಚಿರೆಂದು ಮೈಸೂರು ಸೀಮೆಯಲ್ಲಿ ಕುಳಿತು ಹೇಳಲು ನಾನು ಯಾರು?

ಆದರೆ ಮಿತ್ರರ ಲೆಕ್ಕದಲ್ಲಿ ಎರಡು ಕಲಮುಗಳು ಬಿಟ್ಟುಹೋಗಿವೆ. ಹುಲಿ ಚಿರತೆಗಳು ಕೊಂಬನ್ನು ಅಳೆದು ಬೇಟೆಯಾಡುವುದಿಲ್ಲ. ಟೇಪು ಹಿಡಿದವನು ಹಿಂಡಿಗೆಲ್ಲ ಉತ್ತಮವಾದದ್ದನ್ನು ಹುಡುಕುತ್ತಾನೆ. ಕೆನಡಾ ದೇಶದ ಆಲ್ಬರ್ಟಾ ಪ್ರಾಂತದಲ್ಲಿ ರ‍್ಯಾಮ್ ಮೌಂಟನ್ ಎಂಬ ಬೆಟ್ಟವಿದೆ. ಅಲ್ಲಿಯ ಕಾಡುಕುರಿಗಳನ್ನು ವಿಜ್ಞಾನಿಗಳು ದಶಕಗಳ ಕಾಲ ಒಂದೊಂದಾಗಿ ಗುರುತಿಟ್ಟು ನೋಡಿದರು. ಕೊಂಬಿನ ಸುರುಳಿ ಇಂತಿಷ್ಟು ತುಂಬಿದ ಟಗರನ್ನು ಹೊಡೆಯಬಹುದೆಂಬುದು ಆಗ ಅಲ್ಲಿಯ ನಿಯಮವಾಗಿತ್ತು. ಹೀಗಾಗಿ ಕೊಂಬು ಬೇಗ ಬೆಳೆದ ಟಗರುಗಳು ಮರಿ ಹುಟ್ಟಿಸುವ ಪ್ರಾಯ ತುಂಬುವ ಮೊದಲೇ ಬಿದ್ದವು. ಸಣ್ಣ ಕೊಂಬಿನವು ಉಳಿದು ವಂಶ ಬೆಳೆಸಿದವು. ತಲೆಮಾರುಗಳಲ್ಲಿ ಹಿಂಡಿನ ಕೊಂಬೇ ಕಿರಿದಾಯಿತೆಂದು ಅವರು 2003ರಲ್ಲಿ ಪ್ರಕಟಿಸಿದರು. ಬಿತ್ತನೆಯ ಕಾಳನ್ನೇ ಮಾರಿ ಉಣ್ಣುವ ಒಕ್ಕಲನ್ನು ನಮ್ಮ ಹಳ್ಳಿಯಲ್ಲಿ ಯಾರೂ ಜಾಣನೆನ್ನುವುದಿಲ್ಲ.

ಎರಡನೆಯದು: ಕೊಲ್ಲುವವನ ಹಣದ ಮೇಲೆಯೇ ನಿಂತ ರಕ್ಷಣೆ ಎಷ್ಟು ದಿನದ್ದು? ಗಡಿಯಲ್ಲಿ ಗುಂಡು ಹಾರಿದರೆ, ದಾರಿ ಮುಚ್ಚಿದರೆ, ಧನಿಕರ ಖಯಾಲಿ ಬೇರೆ ಕಡೆಗೆ ತಿರುಗಿದರೆ, ಅಂದು ಆ ಕುರಿಗೆ ದಿಕ್ಕು ಯಾರು? ನಮ್ಮ ಲಡಾಖಿನಲ್ಲಿಯೂ ಇದೇ ಜಾತಿಯ ದೊಡ್ಡ ಕಾಡುಕುರಿ, ‘ನ್ಯಾನ್’, ಅಲ್ಪಸಂಖ್ಯೆಯಲ್ಲಿ ಉಳಿದಿದೆ. ಬ್ರಿಟಿಷರ ಕಾಲದ ಷಿಕಾರಿಗಳು ಅದನ್ನು ಬೆನ್ನಟ್ಟಿದವರೇ. ಇಂದು ಅಲ್ಲಿ ಅದನ್ನು ಕೊಲ್ಲುವುದು ಅಪರಾಧ. ಹೆಮಿಸ್ ರಾಷ್ಟ್ರೀಯ ಉದ್ಯಾನದ ರುಂಬಾಕ್ ಹಳ್ಳಿಯವರು ಹಿಮಚಿರತೆಯನ್ನು ನೋಡಬಂದವರಿಗೆ ತಮ್ಮ ಮನೆಯಲ್ಲಿ ಇಳಿದುಕೊಳ್ಳಲು ಎಡೆಕೊಟ್ಟು, ಊಟವಿಕ್ಕಿ, ಹಣ ಸಂಪಾದಿಸುತ್ತಾರೆ. ಪಾಮೀರಿನ ದೂರಕ್ಕೆ ಅಷ್ಟು ಜನ ಬರಲಾರರೆಂದು ಮಿತ್ರರು ಹೇಳಬಹುದು. ಇರಲಿ. ಒಂದೇ ಟಗರನ್ನು ನೂರು ಮಂದಿಗೆ ತೋರಿಸಬಹುದು. ಮಾರುವುದು ಒಮ್ಮೆ ಮಾತ್ರ.

ಕೊನೆಗೆ ಜನ್ನನ ಮಾತು. ಯಶೋಧರ ಕೊಂದದ್ದು ಹಿಟ್ಟಿನ ಕೋಳಿಯನ್ನು. ಆದರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಯಾಗಿ ಹುಟ್ಟಿ ಅದರ ಫಲವನ್ನು ಉಂಡ. ಏಕೆಂದರೆ ಕೊಲ್ಲುವ ಸಂಕಲ್ಪ ಅವನದಾಗಿತ್ತು. ನಮ್ಮ ಅರ್ಥಶಾಸ್ತ್ರ ಹೇಳುವುದು ಇದಕ್ಕೆ ತಿರುಗುಮುರುಗು: ಫಲ ಒಳ್ಳೆಯದಾದರೆ ಸಾಕು, ಸಂಕಲ್ಪವನ್ನು ಕೇಳಬೇಡಿ. ಸರಿ, ಹಾಗಾದರೆ ಒಂದು ಪರೀಕ್ಷೆ ಮಾಡೋಣ. ಆ ಧನಿಕ ಅಷ್ಟೇ ಹಣವನ್ನು ಕೊಡಲಿ, ಅದೇ ಬೆಟ್ಟವನ್ನು ಹತ್ತಲಿ, ಅದೇ ಟಗರನ್ನು ದುರ್ಬೀನಿನಲ್ಲಿ ಕಣ್ತುಂಬ ನೋಡಲಿ, ಗುಂಡು ಹಾರಿಸದೆ ಇಳಿದು ಬರಲಿ. ಹಳ್ಳಿಗೆ ಹಣ ಬಂತು, ಕಾವಲುಗಾರನಿಗೆ ಸಂಬಳ ಬಂತು, ಟಗರೂ ಉಳಿಯಿತು. ಮರುದಿನ ಇದನ್ನು ಮಿತ್ರರ ಮುಂದಿಟ್ಟೆ. “ಹಾಗೆ ಯಾರು ಕೊಡುತ್ತಾರೆ ಮೇಷ್ಟ್ರೇ?” ಎಂದು ನಕ್ಕರು.

ನನಗೆ ಬೇಕಾದ ಉತ್ತರವನ್ನು ಅವರೇ ಕೊಟ್ಟರು. ಆ ಹಣ ಕುರಿಯ ಮೇಲಿನ ಪ್ರೀತಿಗೆ ಸಂದದ್ದಲ್ಲ, ಬಟ್ಟಲಿಗಲ್ಲ, ದೊಡ್ಡಿಗಲ್ಲ. ಗೋಡೆಗೆ ಬಡಿಯುವ ಒಂದು ತಲೆಗೆ. ಬಡ ನಾಡು ತನ್ನ ಕಷ್ಟಕಾಲದಲ್ಲಿ ಆ ಹಣವನ್ನು ತೆಗೆದುಕೊಳ್ಳುವುದಾದರೆ ತೆಗೆದುಕೊಳ್ಳಲಿ. ಬೇರೆ ದಾರಿ ಕಾಣುವವರೆಗೆ ಅದು ಸಾಲದಂತಿರಲಿ. ಆದರೆ ಕೊಟ್ಟವನಿಗೆ ‘ಸಂರಕ್ಷಕ’ ಎಂಬ ಬಿರುದನ್ನು ಕಟ್ಟಬೇಡಿ. ಕನ್ನಡದಲ್ಲಿ ಅವನಿಗೆ ತಕ್ಕ ಮಾತು ಮೊದಲಿನಿಂದಲೂ ಇದೆ: ಗಿರಾಕಿ.