ಉಂಡ ಮನೆಗೆ ಎರಡು ಬಗೆದವರು

ಮಕ್ಕಳನ್ನು ಶಾಲಾ ಪ್ರವಾಸಕ್ಕೆ ಕರೆದೊಯ್ದ ಅಧ್ಯಾಪಕರಿಗೆ ಬಸ್ಸಿನಲ್ಲಿ ತಲೆ ಎಣಿಸುವ ಕಷ್ಟ ಗೊತ್ತು. ಹತ್ತು ಸಲ ಎಣಿಸಿದರೂ ಒಬ್ಬ ಕಡಿಮೆಯಾದಂತೆ ಎದೆ ಹೊಡೆದುಕೊಳ್ಳುತ್ತದೆ. ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಿಂದ ದಿನವೂ ಬೆಳಿಗ್ಗೆ ಹೊರಡುವ ಪ್ರವಾಸಿ ಬಸ್ಸುಗಳ ಗೈಡುಗಳದ್ದೂ ಇದೇ ಪಾಡು. ಕೋಟೆ, ಕಣಿವೆ, ಸರೋವರಗಳನ್ನೆಲ್ಲ ತೋರಿಸಿ, ಹೋದಷ್ಟೇ ಜನರನ್ನು ಸಂಜೆ ಹಿಂದೆ ತರಬೇಕು. ನಾಲ್ಕೂವರೆ ಗಂಟೆ ಬಸ್ಸು ಓಡಿಸಿದ ಚಾಲಕ 45 ನಿಮಿಷ ವಿಶ್ರಾಂತಿ ಪಡೆಯಲೇಬೇಕೆಂದು ಅಲ್ಲಿ ಕಾನೂನಿದೆ. ಅದನ್ನೂ ಗೈಡ್ ಲೆಕ್ಕದಲ್ಲಿಡಬೇಕು. (ನಮ್ಮ ರಾತ್ರಿ ಬಸ್ಸಿನ ಚಾಲಕರನ್ನು ನೆನೆದರೆ ನಿಟ್ಟುಸಿರು ಬರುತ್ತದೆ!)

ಆದರೆ ನನ್ನ ಕುತೂಹಲ ಆ ಗೈಡಿನ ಕೈಯಲ್ಲಿರುವ ಮೈಕಿನ ಬಗ್ಗೆ. ಬಸ್ಸಿನಲ್ಲಿ ಕುಳಿತವರು ಆತ ಹೇಳಿದ್ದನ್ನೇ ನಂಬುತ್ತಾರೆ. ಅದೂ ಒಂದು ಅಮಾನತ್ತು. ಅರಸರ ವೈಭವವನ್ನು ಯಾರು ಬೇಕಾದರೂ ಹೇಳಬಹುದು. ಆ ದಾರಿಯಲ್ಲಿ ಹೇಳಲೇಬೇಕಾದ ಕಥೆಗಳು ಬೇರೆಯೇ ಇವೆ.

ಮೊದಲು ಸಿಗುವುದು ಬಂಡೆಯ ಮೇಲೆ ನಿಂತ ಸ್ಟರ್ಲಿಂಗ್ ಕೋಟೆ. 1452ರ ಫೆಬ್ರವರಿಯಲ್ಲಿ ಎರಡನೇ ಜೇಮ್ಸ್ ದೊರೆ ಡಗ್ಲಸ್ ಮನೆತನದ ಒಡೆಯನನ್ನು ಇಲ್ಲಿಗೆ ಕರೆಸಿಕೊಂಡ. ಪ್ರಾಣಕ್ಕೆ ಅಪಾಯವಿಲ್ಲವೆಂದು ಅಭಯಪತ್ರವನ್ನೂ ಕೊಟ್ಟಿದ್ದ. ಊಟವಾಯಿತು, ಮಾತಿಗೆ ಮಾತು ಬೆಳೆಯಿತು. 21 ವರ್ಷದ ದೊರೆ ತನ್ನ ಅತಿಥಿಯನ್ನು ತಾನೇ ಚೂರಿಯಿಂದ ಇರಿದ. ಜೊತೆಗಿದ್ದವರು ಉಳಿದ ಕೆಲಸ ಮುಗಿಸಿ ಶವವನ್ನು ಕಿಟಕಿಯಿಂದ ಹೊರಗೆಸೆದರು. ಕೆಲವೇ ತಿಂಗಳಲ್ಲಿ ಸಂಸತ್ತು ದೊರೆಯನ್ನು ನಿರ್ದೋಷಿಯೆಂದು ಸಾರಿತು! ಕೋಟೆಯೊಳಗೆ ಡಗ್ಲಸ್ ಹೆಸರಿನ ಒಂದು ತೋಟವಿದೆ. ಪ್ರವಾಸಿಗರು ಅಲ್ಲಿ ಹೂಗಳ ಫೋಟೋ ತೆಗೆಯುತ್ತಾರೆ.

ಅಲ್ಲಿಂದ ಉತ್ತರಕ್ಕೆ ಹೋದಂತೆ ಉದ್ದ ಕೂದಲಿನ ಹಸುಗಳು, ಸರೋವರಗಳು, ಮರವೇ ಇಲ್ಲದ ಜೌಗು ಬಯಲು. ಜೂನ್ ತಿಂಗಳಲ್ಲಿ ಮಗ್ರಿಬ್ ಆಗುವಾಗ ರಾತ್ರಿ ಹತ್ತು ಗಂಟೆ. ಆ ಬೆಳಕಿನಲ್ಲಿ ಬಸ್ಸು ಗ್ಲೆಂಕೋ ಕಣಿವೆಗೆ ಇಳಿಯುವಾಗ ಎಂಥವರೂ ಸುಬ್‌ಹಾನಲ್ಲಾಹ್ ಎನ್ನಬೇಕು.

ಆದರೆ ಈ ಕಣಿವೆಯ ಕಥೆ ಕೇಳಿ ಸಹೋದರಿಯರೇ. 1692ರ ಜನವರಿ 1ರೊಳಗೆ ಪಂಗಡಗಳ ಮುಖಂಡರೆಲ್ಲರೂ ವಿಲಿಯಂ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಆಜ್ಞೆಯಾಗಿತ್ತು. ಗ್ಲೆಂಕೋದ ಮ್ಯಾಕ್‌ಡೊನಾಲ್ಡರ ವೃದ್ಧ ಮುಖಂಡ ಕೊನೆಯ ದಿನ ಹೊರಟ. ಹೋದಲ್ಲಿ ಪ್ರಮಾಣ ಮಾಡಿಸುವ ಅಧಿಕಾರಿ ಇರಲಿಲ್ಲ. ಹಿಮದಲ್ಲಿ ಇನ್ನೊಂದು ಊರಿಗೆ ನಡೆದು ಜನವರಿ 6ರಂದು ಪ್ರಮಾಣ ಮಾಡಿದ. ಬರೇ ಐದು ದಿನ ತಡವಾಯಿತು.

ಫೆಬ್ರವರಿ ಮೊದಲಿಗೆ ಸುಮಾರು 120 ಸೈನಿಕರು ಆಶ್ರಯ ಕೇಳಿ ಬಂದರು. ನಾಯಕ ಕ್ಯಾಂಪ್‌ಬೆಲ್ ಪರಕೀಯನೇನಲ್ಲ, ಮುಖಂಡನ ಸೊಸೆಗೆ ಚಿಕ್ಕಪ್ಪನ ಸಮಾನ. ಹೆಂಗಸರು ಬೇಯಿಸಿ ಬಡಿಸಿದರು. ಬಂದವರು ಬೆಂಕಿಯ ಬಳಿ ಮಲಗಿದರು, ಮನೆಯವರ ಜೊತೆ ಇಸ್ಪೀಟಾಡಿದರು. ಅತಿಥಿಯ ಹಕ್ಕು ಮೂರು ದಿನವೆಂದೂ ಆತಿಥೇಯನಿಗೆ ಹೊರೆಯಾಗುವಷ್ಟು ತಂಗಬಾರದೆಂದೂ ಪ್ರವಾದಿ(ಸ) ಕಲಿಸಿದ್ದು ಮದ್ರಸದ ಮಕ್ಕಳಿಗೂ ಗೊತ್ತು. ಇವರು ಹನ್ನೆರಡು ದಿನ ಉಂಡರು. 13ರ ನಸುಕಿನ ಐದು ಗಂಟೆಗೆ ಎದ್ದು, ಎಪ್ಪತ್ತು ವರ್ಷದೊಳಗಿನವರನ್ನೆಲ್ಲ ಕೊಲ್ಲಬೇಕೆಂಬ ಆಜ್ಞೆಯಂತೆ ಅನ್ನವಿಟ್ಟವರನ್ನೇ ಕೊಂದರು. ಸುಮಾರು 38 ಮಂದಿ. ಹಾಸಿಗೆಯಿಂದ ಏಳುತ್ತಿದ್ದ ಮುಖಂಡನಿಗೆ ಗುಂಡು ಬಿತ್ತು. ಮಕ್ಕಳನ್ನೆತ್ತಿಕೊಂಡು ಹಿಮದೊಳಗೆ ಓಡಿದ ಹೆಂಗಸರಲ್ಲಿ ಎಷ್ಟೋ ಮಂದಿ ಚಳಿಗೆ ಸತ್ತರು.

ಸ್ಕಾಟ್ ಕಾನೂನಿನಲ್ಲಿ ನಂಬಿಸಿ ಕೊಲ್ಲುವುದು ಬರೀ ಕೊಲೆಗಿಂತ ಘೋರ ಅಪರಾಧವಾಗಿತ್ತು. ಆದರೂ 1695ರ ವಿಚಾರಣೆಯ ಬಳಿಕ ಯಾರೊಬ್ಬರೂ ಗಲ್ಲಿಗೇರಲಿಲ್ಲ. ಇಂದಿಗೂ ಆ ಕಣಿವೆಯ ಒಂದು ವಸತಿಗೃಹದ ಬಾಗಿಲಲ್ಲಿ ಕ್ಯಾಂಪ್‌ಬೆಲ್ಲರಿಗೆ ಪ್ರವೇಶವಿಲ್ಲ ಎಂಬ ಫಲಕವಿದೆ. ತಮಾಷೆಗೆ ಹಾಕಿದ್ದು, ಎಲ್ಲರೂ ನಗುತ್ತಾರೆ. ಅದನ್ನು ತೋರಿಸುವ ಗೈಡ್, ಹಿಮದಲ್ಲಿ ಓಡಿದ ಆ ತಾಯಂದಿರ ಬಗ್ಗೆಯೂ ಎರಡು ಮಾತು ಹೇಳಿ, ಆಮೇಲೆ ತಲೆ ಎಣಿಸಿ ಬಸ್ಸು ಹೊರಡಿಸಲಿ.