ಫೋಟೊದ ಹಿಂದೆ ಹೆಸರು ಬರೆದಿದ್ದೀರಾ?

ಕಳೆದ ಬಾರಿ ಊರಿಗೆ ಹೋಗಿದ್ದಾಗ ಅಟ್ಟದ ಮೇಲಿದ್ದ ಹಳೆಯ ಟ್ರಂಕನ್ನು ಕೆಳಗಿಳಿಸಿದೆವು. ಅದರಲ್ಲಿ ಎರಡು ವಸ್ತುಗಳು ಸಿಕ್ಕವು. ಒಂದು, ದೊಡ್ಡಪ್ಪ ಒಂದು ಕಾಲದಲ್ಲಿ ಬಳಸುತ್ತಿದ್ದ ಯಾಶಿಕಾ ಮ್ಯಾಟ್ 124ಜಿ ಕ್ಯಾಮೆರಾ. ಇನ್ನೊಂದು, ಸ್ಟುಡಿಯೋದಲ್ಲಿ ತೆಗೆಸಿದ ಕಪ್ಪು ಬಿಳುಪಿನ ಕುಟುಂಬದ ಫೋಟೊ. ಮಧ್ಯದ ಕುರ್ಚಿಯಲ್ಲಿ ಅಜ್ಜ, ಪಕ್ಕದಲ್ಲಿ ಅಜ್ಜಿ, ಹಿಂದಿನ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಕೊಳ ಮತ್ತು ಕಂಬಗಳು. ಬಲತುದಿಯಲ್ಲಿ ನಿಂತಿರುವ ಹೆಂಗಸು ಯಾರು? ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. "ಅಮ್ಮ ಇದ್ದಿದ್ದರೆ ಹೇಳುತ್ತಿದ್ದಳು" ಎಂದರು ದೊಡ್ಡಪ್ಪ. ಅಜ್ಜಿ ತೀರಿಕೊಂಡು ಹತ್ತು ವರ್ಷಗಳೇ ಕಳೆದಿವೆ. ಫೋಟೊ ತಿರುಗಿಸಿ ನೋಡಿದರೆ ಹಿಂದೆ ಖಾಲಿ!

ಆ ಕ್ಯಾಮೆರಾವನ್ನು ಯೂನಿಯನ್ ಸಿಟಿಯ ನಮ್ಮ ಮನೆಗೆ ತಂದಿದ್ದೇವೆ. ಅದರ ಜೊತೆ ಒಂದು ಅಭಿಪ್ರಾಯವೂ ಬಂದಿದೆ. ಪ್ರತಿ ಮನೆಯವರೂ ವರ್ಷಕ್ಕೊಮ್ಮೆ ಫಿಲ್ಮ್ ಕ್ಯಾಮೆರಾದಲ್ಲಿ ಒಂದು ಕುಟುಂಬದ ಫೋಟೊ ತೆಗೆಯಬೇಕು, ಅದನ್ನು ಕಾಗದದ ಮೇಲೆ ಮುದ್ರಿಸಿ, ಹಿಂದೆ ಎಲ್ಲರ ಹೆಸರು ಬರೆದಿಡಬೇಕು.

"ಫೋನಿನಲ್ಲಿ ಸಾವಿರ ಫೋಟೊ ಇವೆಯಲ್ಲ, ಇದೆಲ್ಲ ಯಾಕೆ?" ಎಂದು ನೀವು ಕೇಳಬಹುದು. ನಾವೂ ಹಾಗೆಯೇ ಅಂದುಕೊಂಡಿದ್ದೆವು. ಆದರೆ ಒಂದು ಸಂಜೆ ಕುಳಿತು ಹುಡುಕಿದಾಗ, ತಿಂಡಿ ತಟ್ಟೆಗಳ ಫೋಟೊ ಸಿಕ್ಕವು, ಗೋಲ್ಡನ್ ಗೇಟ್ ಸೇತುವೆಯ ಫೋಟೊ ಸಿಕ್ಕವು, ಮಗುವಿನ ಒಂದೇ ನಗೆಯ ಇಪ್ಪತ್ತು ಫೋಟೊ ಸಿಕ್ಕವು. ಮನೆಯವರೆಲ್ಲ ಒಟ್ಟಿಗಿರುವುದು ಮಾತ್ರ ಒಂದೂ ಸಿಗಲಿಲ್ಲ. ಫೋನ್ ಹಿಡಿದವರು ಯಾವಾಗಲೂ ಫೋಟೊದ ಹೊರಗೆ!

ಯಾಶಿಕಾದಲ್ಲಿ ಹಾಗೆ ಆಗುವುದಿಲ್ಲ. 1970ರಿಂದ 1986ರವರೆಗೆ ತಯಾರಾದ ಈ ಕ್ಯಾಮೆರಾಕ್ಕೆ ಎರಡು ಲೆನ್ಸ್: ಮೇಲಿನದು ನಮಗೆ ನೋಡಲು, ಕೆಳಗಿನ 80 ಮಿಲಿಮೀಟರಿನ ಯಾಶಿನಾನ್ ಲೆನ್ಸ್ ಚಿತ್ರ ತೆಗೆಯಲು. 120 ಫಿಲ್ಮಿನ ಒಂದು ರೋಲಿಗೆ ಹನ್ನೆರಡೇ ಚಿತ್ರ. ಒಂದೊಂದು ನೆಗೆಟಿವ್ ಕೂಡ ಸಾಮಾನ್ಯ 35 ಮಿಲಿಮೀಟರ್ ಫಿಲ್ಮಿನದಕ್ಕಿಂತ ಮೂರೂವರೆ ಪಟ್ಟು ದೊಡ್ಡದು. ಹನ್ನೆರಡೇ ಎಂದಾಗ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ. ಎಲ್ಲರನ್ನೂ ಕರೆದು, ಕೂರಿಸಿ, ಕೂದಲು ಸೆರಗು ಸರಿಮಾಡಿ, ಆಮೇಲೆಯೇ ಗುಂಡಿ ಒತ್ತುವುದು. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಇಟ್ಟು, ಎಲ್ಲ ಸರಿಹೊಂದಿಸಿ, ಒತ್ತುವ ಕೆಲಸವನ್ನು ಪಕ್ಕದ ಮನೆಯ ಹುಡುಗನಿಗೆ ಒಪ್ಪಿಸಿ ನಾವೂ ಸಾಲಿನಲ್ಲಿ ಹೋಗಿ ನಿಂತೆವು.

ಇದರ ಇನ್ನೊಂದು ಗುಣ ನಮಗೆ ಬಹಳ ಹಿಡಿಸಿತು. ಈ ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯುವುದಿಲ್ಲ, ಎದೆಯ ಮಟ್ಟದಲ್ಲಿಟ್ಟು ಮೇಲಿನಿಂದ ಗಾಜಿನೊಳಗೆ ತಲೆಬಾಗಿ ನೋಡಬೇಕು. ಕುರ್ಚಿಯಲ್ಲಿ ಕುಳಿತ ಹಿರಿಯರಿಗೆ ಇದು ನಮಸ್ಕಾರ ಮಾಡಿದ ಹಾಗೆಯೇ ಕಾಣುತ್ತದೆ. ಲೆನ್ಸ್ ಅವರ ಕಣ್ಣಿನ ಮಟ್ಟದಲ್ಲಿರುವುದರಿಂದ ಅವರನ್ನು ಮೇಲಿನಿಂದ ಕೆಳಗೆ ನೋಡಿದಂತೆ ಆಗುವುದಿಲ್ಲ. ನಮ್ಮ ಮುಖವೂ ಕ್ಯಾಮೆರಾದ ಹಿಂದೆ ಅಡಗುವುದಿಲ್ಲ, ಮಾತಾಡುತ್ತಲೇ ಚಿತ್ರ ತೆಗೆಯಬಹುದು. ಆರು ತಿಂಗಳಿಗೆಂದು ಬಂದಿದ್ದ ನಮ್ಮ ಅಪ್ಪ, ಫೋನ್ ಕಂಡರೆ ಮುಖ ಬಿಗಿದುಕೊಳ್ಳುವವರು, ಅಂದು ತಮ್ಮ ಮದುವೆಯ ಫೋಟೊಗ್ರಾಫರನ ಕಥೆ ಹೇಳುತ್ತಾ ಹೇಳುತ್ತಾ ಚಿತ್ರಕ್ಕೆ ಸಿಕ್ಕರು.

ಮಾಡಬೇಕೆನ್ನುವವರಿಗೆ ನಮ್ಮ ಅನುಭವದ ನಾಲ್ಕು ಮಾತು. ಸ್ಟುಡಿಯೋ ಬೇಕಿಲ್ಲ, ಗ್ಯಾರೇಜ್ ಸಾಕು. ಕಾರುಗಳನ್ನು ಹೊರಗೆ ತೆಗೆದು, ದೊಡ್ಡ ಬಾಗಿಲು ಎತ್ತಿ, ಹೊಸ್ತಿಲಿನಿಂದ ಸ್ವಲ್ಪ ಒಳಗೆ ಕುರ್ಚಿ ಹಾಕಿದರೆ ಆಕಾಶದ ಮೆತ್ತನೆಯ ಬೆಳಕು ಮುಖದ ಮೇಲೆ ಬೀಳುತ್ತದೆ. ಕ್ಯಾಮೆರಾದ ಬೆಳಕಿನ ಮೀಟರ್ ನಂಬಬೇಡಿ. ಅದು ಪಾದರಸದ ಬಿಲ್ಲೆ ಬ್ಯಾಟರಿಗೆ ಮಾಡಿದ್ದು, 1996ರ ಕಾನೂನಿನ ನಂತರ ಅಮೆರಿಕದಲ್ಲಿ ಅದರ ಮಾರಾಟವಿಲ್ಲ. ಫೋನಿನಲ್ಲೇ ಬೆಳಕು ಅಳೆಯಿರಿ, ಅದೂ ಒಂದು ಕೆಲಸಕ್ಕೆ ಬರಲಿ! 400ರ ಫಿಲ್ಮಿಗೆ ನಮ್ಮ ಗ್ಯಾರೇಜಿನಲ್ಲಿ ಅಪರ್ಚರ್ 5.6, ಶಟರ್ ಒಂದು ಸೆಕೆಂಡಿನ 60ನೇ ಒಂದು ಭಾಗ ಸರಿಹೋಯಿತು. ಎರಡು ಸಾಲಿದ್ದರೆ ಹಿಂದಿನವರು ಮುಂದಿನವರಿಗೆ ಒತ್ತಿಕೊಂಡೇ ನಿಲ್ಲಬೇಕು, ಇಲ್ಲದಿದ್ದರೆ ಅವರ ಮುಖ ಮಸುಕು. ನಮ್ಮ ಮೊದಲ ರೋಲ್ ಪೂರ್ತಿ ಹಾಳಾಯಿತು, ವರ್ಷಗಟ್ಟಲೆ ಸುಮ್ಮನಿದ್ದ ಶಟರ್ ಅಂಟಿಕೊಂಡಿತ್ತು. ಆದ್ದರಿಂದ ಮೊದಲು ರಿಪೇರಿ ಬಲ್ಲವರಿಗೆ ತೋರಿಸಿ, ಆಮೇಲೆ ಹಿರಿಯರನ್ನು ಕೂರಿಸಿ.

ಇದು ಖರ್ಚಿನ ಬಾಬತ್ತು, ನಿಜ. ಹಳೆಯದರ ಮೋಹ ಎಂದು ನಗುವವರೂ ಇದ್ದಾರೆ. ಫೋನ್ ಬಿಡಿ ಎಂದು ನಾವು ಹೇಳುತ್ತಿಲ್ಲ. ಆದರೆ ಒಂದು ಒಳ್ಳೆಯ ಫೋಟೊ, ಅದರ ಜೊತೆ ಬರೆದಿಟ್ಟ ನಾಲ್ಕು ಸಾಲು, ಏನು ಮಾಡಬಲ್ಲವು ಎಂಬುದಕ್ಕೆ ನಮ್ಮ ಪಕ್ಕದ ಊರಿನಲ್ಲೇ ಸಾಕ್ಷಿಯಿದೆ.

1942ರ ಮೇ 8ರಂದು ಹೇವರ್ಡ್‌ನಲ್ಲಿ ಡೊರೋಥಿಯಾ ಲ್ಯಾಂಗ್ ಎಂಬ ಫೋಟೊಗ್ರಾಫರ್ ಒಂದು ಜಪಾನಿ ಅಮೆರಿಕನ್ ಕುಟುಂಬದ ಚಿತ್ರ ತೆಗೆದರು. ಯುದ್ಧದ ಕಾಲ. ಜಪಾನಿ ಮೂಲದ ಸುಮಾರು 1,20,000 ಜನರನ್ನು ಸರಕಾರ ಮನೆ ಬಿಡಿಸಿ ಶಿಬಿರಗಳಿಗೆ ಸಾಗಿಸುತ್ತಿತ್ತು. ಒಳ್ಳೆಯ ಕೋಟು ತೊಟ್ಟ ಅಪ್ಪ ಅಮ್ಮ, ಮಕ್ಕಳು, ಬಸ್ಸಿಗೆ ಕಾಯುತ್ತಿದ್ದಾರೆ. ಎಲ್ಲರ ಕೋಟಿನ ಮೇಲೂ ಸಾಮಾನಿಗೆ ಕಟ್ಟುವಂಥ ಚೀಟಿ. ಲ್ಯಾಂಗ್ ಚಿತ್ರ ತೆಗೆದು ಸುಮ್ಮನಾಗಲಿಲ್ಲ. ಇವರು ಮೊಚಿಡಾ ಕುಟುಂಬ, ಎರಡು ಎಕರೆಯಲ್ಲಿ ಐದು ಗಾಜಿನ ಮನೆಗಳ ಹೂತೋಟ ನಡೆಸುತ್ತಿದ್ದವರು ಎಂದು ವಿವರ ಸೇರಿಸಿದರು. ಯುದ್ಧ ಮುಗಿಯುವವರೆಗೂ ಸೈನ್ಯ ಅವರ ಚಿತ್ರಗಳನ್ನು ಮುಟ್ಟುಗೋಲು ಹಾಕಿಕೊಂಡಿತ್ತು. ಆ ಚಿತ್ರ ಇಂದಿಗೂ ಉಳಿದಿದೆ, ಅದರಲ್ಲಿರುವವರು ಯಾರೋ ಅನಾಮಿಕರಲ್ಲ, ಹೂ ಬೆಳೆಯುತ್ತಿದ್ದ ಒಂದು ಮನೆಯವರು ಎಂದು ನಮಗೆ ಗೊತ್ತಿದೆ.

ಆ ಕಾಲದಲ್ಲಿ ಲಾಸ್ ಏಂಜಲೀಸಿನ ಸ್ಟುಡಿಯೋ ಫೋಟೊಗ್ರಾಫರ್ ಟೊಯೊ ಮಿಯಾಟಾಕೆ ಅವರನ್ನು ಮಾಂಜಾನಾರ್ ಶಿಬಿರಕ್ಕೆ ಕಳಿಸಿದರು. ಕ್ಯಾಮೆರಾ ಒಯ್ಯುವಂತಿರಲಿಲ್ಲ. ಅವರು ಒಂದು ಲೆನ್ಸನ್ನು ಗುಟ್ಟಾಗಿ ಒಯ್ದರು, ಮರದ ತುಂಡುಗಳಿಂದ ಅದಕ್ಕೆ ಪೆಟ್ಟಿಗೆ ಮಾಡಿಸಿದರು, ಶಿಬಿರದ ಬದುಕನ್ನು ಚಿತ್ರಿಸಿದರು. ನಮಗೆ ಯಾರ ಅಡ್ಡಿಯೂ ಇಲ್ಲ. ಇಲ್ಲದಿರುವುದು ಅರ್ಧ ದಿನದ ಪುರುಸೊತ್ತು, ಅಷ್ಟೇ.

ಕೊನೆಯದಾಗಿ ನಮ್ಮ ಕನ್ನಡ ತರಗತಿಗೆ ಒಂದು ಸಲಹೆ. ಫೋಟೊದ ಹಿಂದೆ ಹೆಸರು ಬರೆಯುವುದನ್ನು ಮಕ್ಕಳಿಗೆ ಮನೆಗೆಲಸವಾಗಿ ಕೊಡೋಣ. ಎಡದಿಂದ ಬಲಕ್ಕೆ, ಕನ್ನಡದಲ್ಲಿ, ಹೆಸರು, ಊರು, ಸಂಬಂಧ, ತಾರೀಕು. ಇಲ್ಲಿ ಎಲ್ಲರೂ 'ಆಂಟಿ', ಎಲ್ಲರೂ 'ಅಂಕಲ್'. ಬರೆಯುವಾಗಲಾದರೂ ಮಕ್ಕಳು ಸೋದರತ್ತೆ ಯಾರು, ಚಿಕ್ಕಮ್ಮ ಯಾರು, ದೊಡ್ಡಪ್ಪ ಯಾರು ಎಂದು ಅಜ್ಜ ಅಜ್ಜಿಯರನ್ನು ಕೇಳಬೇಕಾಗುತ್ತದೆ. ಬಾಲ್‌ಪೆನ್ ಒತ್ತಿ ಬರೆದರೆ ಮುಖಗಳ ಮೇಲೆ ಗೆರೆ ಮೂಡುತ್ತದೆ, ಹಗುರವಾಗಿ ಬರೆಯಲು ಹೇಳಿ.

ನಮ್ಮ ಗ್ಯಾರೇಜ್ ಫೋಟೊದ ಹಿಂದೆ ಮಗಳು ಹೀಗೆ ಎಂಟು ಹೆಸರು ಬರೆದಳು. ಅಪ್ಪ ಊರಿಗೆ ಹೊರಟಾಗ ಒಂದು ಪ್ರತಿ ಒಯ್ದರು. ಟ್ರಂಕಿನ ಆ ಹಳೆಯ ಫೋಟೊದ ಹಿಂದೆಯೂ ಗೊತ್ತಿರುವ ಹೆಸರುಗಳನ್ನೆಲ್ಲ ಬರೆದಿದ್ದೇವೆ. ಬಲತುದಿಯವರಿಗೆ ಜಾಗ ಬಿಟ್ಟಿದ್ದೇವೆ.

ಮುಂದಿನ ವಾರ್ಷಿಕೋತ್ಸವಕ್ಕೆ ಎಲ್ಲರೂ ಒಂದೊಂದು ಫೋಟೊ ತನ್ನಿ, ಗೋಡೆಗೆ ಹಾಕೋಣ. ಏನಂತೀರಿ?