ಫೆಝ್ ನಗರದ ಬಾಗಿಲುಗಳು

'ಬಾಲಕ್! ಬಾಲಕ್!' ಎಂಬ ಕೂಗು ಬೆನ್ನ ಹಿಂದೆ ಕೇಳಿಸಿದರೆ, ಯಾವ ಬಾಲಕನನ್ನು ಕರೆಯುತ್ತಿದ್ದಾರೆ ಎಂದು ನೋಡುತ್ತಾ ನಿಲ್ಲಬೇಡಿ. ತಕ್ಷಣ ಗೋಡೆಗೆ ಒರಗಿಕೊಳ್ಳಿ. ಮೊರೊಕ್ಕೋದ ಆಡುಮಾತಿನಲ್ಲಿ ಅದಕ್ಕೆ 'ಹುಷಾರು, ದಾರಿ ಬಿಡಿ' ಎಂದರ್ಥ. ಮರುಗಳಿಗೆಯಲ್ಲೇ ಗ್ಯಾಸ್ ಸಿಲಿಂಡರನ್ನೋ ಹಸಿ ಚರ್ಮದ ಕಟ್ಟನ್ನೋ ಹೊತ್ತ ಹೇಸರಗತ್ತೆಯೊಂದು ನಿಮ್ಮ ಭುಜಕ್ಕೆ ತಾಗಿಕೊಂಡೇ ಸಾಗುತ್ತದೆ. ಫೆಝ್‌ನ ಹಳೆಯ ಪೇಟೆಯೊಳಗೆ ಕಾರು ಬರುವುದಿಲ್ಲ. ಸಾವಿರಾರು ಓಣಿಗಳು, ಕೆಲವು ಎಷ್ಟು ಕಿರಿದೆಂದರೆ ಎದುರಿನಿಂದ ಬಂದವರಿಗೆ ಸಲಾಮ್ ಹೇಳಿ, ಒಬ್ಬರು ಹಿಂದೆ ಸರಿದರೆ ಮಾತ್ರ ಇನ್ನೊಬ್ಬರು ಮುಂದೆ ಹೋಗಬಹುದು. 1981ರಲ್ಲಿ ಯುನೆಸ್ಕೋ ಈ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಇದು ಟಿಕೆಟ್ ಕೊಟ್ಟು ನೋಡುವ ಹಳೆಯ ಕೋಟೆಯಲ್ಲ. ಇಲ್ಲಿ ಈಗಲೂ ಸಂಸಾರಗಳಿವೆ, ಬಟ್ಟೆ ಒಣಗುತ್ತದೆ, ಮಕ್ಕಳು ಚೆಂಡಾಡುತ್ತಾರೆ.

2019ರ ಡಿಸೆಂಬರ್ ಕೊನೆಯಲ್ಲಿ ನಾವು ನಾಲ್ವರು ಗೆಳೆಯರು ಅಲ್ಲಿಗೆ ಹೋಗಿದ್ದೆವು. ಇಬ್ಬರು ದುಬೈಯಲ್ಲಿ ದುಡಿಯುವವರು; ಖರ್ಚಿನ ದೊಡ್ಡ ಪಾಲು ಅವರದ್ದೇ. ಮೂರನೆಯವರು ನಮ್ಮ ಶಾಲೆಯ ಗಣಿತ ಮಾಸ್ಟ್ರು. ಅವರು ಹಿಂದೂ. ಇಪ್ಪತ್ತು ವರ್ಷಗಳಿಂದ ನನ್ನ ಪಕ್ಕದ ಮೇಜಿನಲ್ಲೇ ಕೂತು ಉತ್ತರ ಪತ್ರಿಕೆ ತಿದ್ದುವವರು. ಈ ಮಾತು ಯಾಕೆ ಹೇಳುತ್ತಿದ್ದೇನೆ ಎಂಬುದು ನಿಮಗೆ ಮುಂದೆ ತಿಳಿಯುತ್ತದೆ.

ಫೆಝ್ ಎಂದರೆ ನಮ್ಮಲ್ಲಿ ಹಿಂದಿನ ಹಿರಿಯರು ಧರಿಸುತ್ತಿದ್ದ ಕೆಂಪು ತುರ್ಕಿ ಟೊಪ್ಪಿ ನೆನಪಾಗಬಹುದು. ಅದಕ್ಕೆ ಆ ಹೆಸರು ಬಂದದ್ದು ಈ ಊರಿನಿಂದಲೇ. ಊರಿನ ಕಥೆ ಮಾತ್ರ ಟೊಪ್ಪಿಗಿಂತ ಬಹಳ ಹಳೆಯದು. ಕ್ರಿ.ಶ. 789ರಲ್ಲಿ ಒಂದನೆಯ ಇದ್ರೀಸ್ ನದಿಯ ಒಂದು ದಡದಲ್ಲಿ ಊರು ಕಟ್ಟಿದರು. 809ರಲ್ಲಿ ಅವರ ಮಗ ಎರಡನೆಯ ಇದ್ರೀಸ್ ಇನ್ನೊಂದು ದಡದಲ್ಲಿ ಕಟ್ಟಿದರು. ಆ ಎರಡು ದಡಗಳನ್ನು ತುಂಬಿದವರು ಯಾರು ಗೊತ್ತೇ? ನೆಲೆ ಕಳೆದುಕೊಂಡವರು. ಸ್ಪೇನಿನ ಕೊರ್ಡೋವಾದಲ್ಲಿ 818ರಲ್ಲಿ ಅಮೀರನ ವಿರುದ್ಧ ದಂಗೆ ಎದ್ದು ಗಡೀಪಾರಾದ ಕುಟುಂಬಗಳು ಒಂದು ದಡಕ್ಕೆ ಬಂದವು. ಇಂದಿನ ಟ್ಯುನೀಷಿಯಾದಲ್ಲಿರುವ ಖೈರವಾನ್‌ನಿಂದ ಬಂದವರು ಇನ್ನೊಂದು ದಡದಲ್ಲಿ ನೆಲೆಸಿದರು. ಖೈರವಾನ್‌ನವರ ಮಸೀದಿಯೇ ಖರವಿಯ್ಯೀನ್. ಬಂದವರಿಗೆ ಬಾಗಿಲು ತೆರೆದೇ ಬೆಳೆದ ಊರಿದು.

ಆ ಗುಣ ಇನ್ನೂ ಉಳಿದಿರುವುದನ್ನು ನಾನು ಕಂಡದ್ದು ಒಂದು ಬ್ರೆಡ್ ಒಲೆಯ ಮುಂದೆ. ಹಳೆಯ ಪೇಟೆಯ ಪ್ರತಿಯೊಂದು ಮೊಹಲ್ಲಾಕ್ಕೂ ಒಂದು ಮಸೀದಿ, ಒಂದು ಕುರ್‌ಆನ್ ಶಾಲೆ, ಒಂದು ಹಮ್ಮಾಮ್, ಒಂದು ಸಾರ್ವಜನಿಕ ನೀರಿನ ತೊಟ್ಟಿ ಮತ್ತು ಒಂದು ಒಲೆ ಇರಬೇಕೆಂಬುದು ಅಲ್ಲಿನ ರೂಢಿ. ಒಲೆಗೆ 'ಫರ್ರಾನ್' ಎನ್ನುತ್ತಾರೆ. ಹಿಟ್ಟು ನಾದುವುದು ಮನೆಯಲ್ಲಿ, ಬೇಯಿಸುವುದು ಇಲ್ಲಿ. ಬೆಳಗ್ಗೆ ಮಕ್ಕಳು ಹಲಗೆಯ ಮೇಲೆ ಹಿಟ್ಟಿನ ದುಂಡು ಬಿಲ್ಲೆಗಳನ್ನಿಟ್ಟು ಬಟ್ಟೆ ಮುಚ್ಚಿ ತರುತ್ತಾರೆ. ಒಲೆಯವನು ಉದ್ದ ಹಿಡಿಯ ಮರದ ಸಟ್ಟುಗದಲ್ಲಿ ಅವನ್ನು ಒಳಗೆ ತಳ್ಳುತ್ತಾನೆ. ಹತ್ತು ಮನೆಗಳ ರೊಟ್ಟಿ ಒಟ್ಟಿಗೇ ಬೇಯುತ್ತಿರುತ್ತದೆ, ಚೀಟಿಯೂ ಇಲ್ಲ, ನಂಬರೂ ಇಲ್ಲ. "ಇದು ಯಾರದ್ದೆಂದು ಹೇಗೆ ತಿಳಿಯುತ್ತದೆ?" ಎಂದು ಮಾಸ್ಟ್ರು ಕೇಳಿದರು. ನಾನು ನನ್ನ ಕಿತಾಬಿನ ಅರಬಿಯಲ್ಲಿ ಆ ಪ್ರಶ್ನೆಯನ್ನು ಒಪ್ಪಿಸಿದೆ. (ಆ ಅರಬಿ ಕೇಳಿದಾಗಲೆಲ್ಲ ಫೆಝ್‌ನವರು, ನಮ್ಮಲ್ಲಿ ಯಾರಾದರೂ ಹಳಗನ್ನಡದಲ್ಲಿ ಮೀನಿನ ಬೆಲೆ ಕೇಳಿದರೆ ನಾವು ನಗುವಂತೆ ನಗುತ್ತಿದ್ದರು.) ಒಲೆಯವನು ಒಂದು ರೊಟ್ಟಿಯ ಅಂಚು ತೋರಿಸಿದ. ಪ್ರತಿಯೊಬ್ಬ ತಾಯಿಯ ಕೈಯೂ ಬೇರೆ, ಒತ್ತುವ ರೀತಿಯೂ ಬೇರೆ. ಹಿಟ್ಟು ನೋಡಿದರೆ ಮನೆ ಗೊತ್ತಾಗುತ್ತದೆಯಂತೆ. ನಮಗೂ ಬಿಸಿ ರೊಟ್ಟಿಯೊಂದು ಸಿಕ್ಕಿತು. ಆ ಚಳಿಯಲ್ಲಿ ಅದರ ರುಚಿಯನ್ನು ಹೇಗೆ ವಿವರಿಸಲಿ! ಹಣ ಕೊಡಲು ಹೋದಾಗ ಆತ ಎದೆಯ ಮೇಲೆ ಕೈ ಇಟ್ಟುಕೊಂಡ. ಯಾವ ಮನೆಯ ಪಾಲಿನಿಂದ ಅದು ಕಡಿಮೆಯಾಯಿತೋ ಅಲ್ಲಾಹನೇ ಬಲ್ಲ.

ಇಷ್ಟು ಹೇಳಿದ ಮೇಲೆ ಚರ್ಮ ಹದ ಮಾಡುವ ಶುವಾರಾ ತೊಟ್ಟಿಗಳ ಬಗ್ಗೆಯೂ ಹೇಳಬೇಕು. ಎಲ್ಲ ಫೋಟೋಗಳಲ್ಲೂ ಬಣ್ಣದ ಪೆಟ್ಟಿಗೆಯಂತೆ ಕಾಣುವುದು ಅದೇ. ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಪಾರಿವಾಳದ ಹಿಕ್ಕೆ ಕಲಸಿದ ನೀರಿನಲ್ಲಿ ಮೆದುಗೊಳಿಸಿ, ಆಮೇಲೆ ಬಣ್ಣಕ್ಕೆ ಹಾಕುತ್ತಾರೆ. ಮೇಲಿನ ಅಂಗಡಿಗಳ ಮಹಡಿಯಿಂದ ನೋಡುವ ಪ್ರವಾಸಿಗರಿಗೆ, ವಾಸನೆ ತಾಳಲಾಗದು ಎಂದು ಮೂಗಿಗೆ ಹಿಡಿಯಲು ಪುದೀನ ಕೊಡುತ್ತಾರೆ. ಕೆಳಗೆ ತೊಡೆಯ ತನಕ ಆ ನೀರಿನಲ್ಲಿ ನಿಂತು ತುಳಿಯುವವನಿಗೆ ಪುದೀನ ಇಲ್ಲ. ಇದನ್ನು 'ಜೀವಂತ ಪರಂಪರೆ' ಎಂದು ಕರೆಯುವುದು ಮಹಡಿಯ ಮೇಲೆ ನಿಂತವರಿಗೆ ಬಹಳ ಸುಲಭ.

ಅಸರ್ ಹೊತ್ತಿಗೆ ಖರವಿಯ್ಯೀನ್ ತಲುಪಿದೆವು. 859ರಲ್ಲಿ ಫಾತಿಮಾ ಅಲ್ ಫಿಹ್ರಿ ಎಂಬ ಮಹಿಳೆ ತಂದೆಯಿಂದ ಬಂದ ಸೊತ್ತಿನಿಂದ ಇದನ್ನು ಕಟ್ಟಿಸಿದರೆಂದು 14ನೇ ಶತಮಾನದ ಚರಿತ್ರೆಕಾರ ಇಬ್ನ್ ಅಬೀ ಝರ್ಅ್ ಬರೆದಿದ್ದಾರೆ. ಈ ಬಗ್ಗೆ ಸಂದೇಹಪಡುವ ಇತಿಹಾಸಕಾರರೂ ಇದ್ದಾರೆ. ಇಲ್ಲಿನ ಪ್ರಾಚೀನ ಗ್ರಂಥಾಲಯವನ್ನು ಇತ್ತೀಚೆಗೆ ಜೀರ್ಣೋದ್ಧಾರ ಮಾಡಿದವರು ಮಾತ್ರ ನಿಸ್ಸಂದೇಹವಾಗಿ ಒಬ್ಬ ಮಹಿಳೆ, ಇದೇ ಊರಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಅಝೀಝಾ ಶಾವುನಿ. ನಮ್ಮ ಸಹೋದರಿಯರು ಈ ಎರಡು ಹೆಸರುಗಳನ್ನೂ ನೆನಪಿಟ್ಟುಕೊಳ್ಳಲಿ.

ಬಾಗಿಲಲ್ಲಿದ್ದವರು ನಮ್ಮನ್ನು ನೋಡಿ "ಮುಸ್ಲಿಮೂನ್?" ಎಂದು ವಿಚಾರಿಸಿದರು. ನಾನು ಉತ್ತರಿಸುವ ಮೊದಲೇ ಮಾಸ್ಟ್ರು ವಿಷಯ ಗ್ರಹಿಸಿದರು. "ನೀವು ಹೋಗಿ ಬನ್ನಿ ಉಸ್ತಾದರೇ, ಚಪ್ಪಲಿ ನಾನು ನೋಡಿಕೊಳ್ಳುತ್ತೇನೆ" ಎಂದರು. ಆ ಧ್ವನಿಯಲ್ಲಿ ಬೇಸರವಿರಲಿಲ್ಲ. ಬೇಸರವಾದದ್ದು ನನಗೆ.

ಮೊರೊಕ್ಕೋದ ಹೆಚ್ಚಿನ ಮಸೀದಿಗಳಿಗೆ ಮುಸ್ಲಿಮೇತರರಿಗೆ ಪ್ರವೇಶವಿಲ್ಲ. 1993ರಲ್ಲಿ ಕಾಸಾಬ್ಲಾಂಕಾದಲ್ಲಿ ಉದ್ಘಾಟನೆಯಾದ ಹಸನ್ ಎರಡನೆಯವರ ಮಸೀದಿಯಂಥ ಕೆಲವೇ ಕಡೆ ಅವಕಾಶವಿದೆ. ಅಲ್ಲಿನವರು ಅನುಸರಿಸುವ ಮಾಲಿಕೀ ಮದ್‌ಹಬ್ ಈ ವಿಷಯದಲ್ಲಿ ಬಿಗಿ ಎಂಬುದು ನಿಜ. ಆದರೆ ಹಳೆಯ ರೂಢಿಗೆ ಇಂದಿನ ನಿಯಮದ ರೂಪ ಬಂದದ್ದು 1912ರ ನಂತರ, ಫ್ರೆಂಚ್ ಆಡಳಿತದ ಮೊದಲ ರೆಸಿಡೆಂಟ್ ಜನರಲ್ ಲ್ಯೋತೆಯ ಕಾಲದಲ್ಲಿ ಎನ್ನುತ್ತಾರೆ. ಪರಕೀಯ ಸಿಪಾಯಿಗಳು ಬೂಟುಗಾಲಲ್ಲಿ ಒಳನುಗ್ಗದಿರಲು ಅಂದು ಅದು ಬೇಕಿತ್ತು, ನಾನು ಒಪ್ಪುತ್ತೇನೆ. ಫ್ರೆಂಚರು 1956ರಲ್ಲೇ ಹೋದರು. ಗೋಡೆ ಉಳಿಯಿತು.

ಕರಾವಳಿಯ ನಾವು ಹೆಚ್ಚಿನವರು ಶಾಫಿಈಗಳು. ಮಸ್ಜಿದುಲ್ ಹರಾಮ್ ಹೊರತು ಬೇರೆ ಮಸೀದಿಗಳಿಗೆ ಮುಸ್ಲಿಮರ ಅನುಮತಿಯಿಂದ ಇತರರು ಬರಬಹುದೆಂಬುದು ನಾವು ಮದ್ರಸದಲ್ಲಿ ಓದಿದ ಪಾಠ. ಹನಫೀ ಅಭಿಪ್ರಾಯ ಇನ್ನೂ ಉದಾರ. ನಜ್ರಾನಿನ ಕ್ರೈಸ್ತರು ಮದೀನಾಕ್ಕೆ ಬಂದಾಗ ಪ್ರವಾದಿ(ಸ)ಯವರು ಅವರನ್ನು ಬರಮಾಡಿಕೊಂಡದ್ದು ತಮ್ಮ ಮಸೀದಿಯಲ್ಲೇ. ತಾಯಿಫ್‌ನ ಸಖೀಫ್ ಗೋತ್ರದವರು ಆಗಿನ್ನೂ ವಿಗ್ರಹಾರಾಧಕರು. ಅವರಿಗೂ ಮಸೀದಿಯಲ್ಲೇ ಬಿಡಾರ ಕೊಟ್ಟರು. ವುಝೂ ಮಾಡುತ್ತಿದ್ದಾಗ ನನ್ನ ಮನಸ್ಸಿನಲ್ಲಿದ್ದುದು ಇವೇ ಮಾತುಗಳು. ಅಂಗಳದ ಕಾರಂಜಿಯನ್ನೂ ಸಾಲು ಸಾಲು ಬಿಳಿ ಕಮಾನುಗಳನ್ನೂ ಸರಿಯಾಗಿ ನೋಡಿದ್ದು ನಮಾಝ್ ಮುಗಿದ ಮೇಲೆಯೇ.

ಹೊರಗೆ ಬಂದಾಗ ಮಾಸ್ಟ್ರು ಎದುರಿನ ಅಂಗಡಿಯ ಸ್ಟೂಲಿನ ಮೇಲೆ ಕೂತು ಪುದೀನ ಚಹಾ ಕುಡಿಯುತ್ತಿದ್ದರು. ಮೇಣದ ಬತ್ತಿ ಮಾರುವ ಮುದುಕರೊಬ್ಬರು ಕೂರಿಸಿದ್ದರಂತೆ. ಇಬ್ಬರಿಗೂ ಒಂದೇ ಒಂದು ಸಮಾನ ಭಾಷೆ ಇರಲಿಲ್ಲ. ಪಕ್ಕದ ಅತ್ತಾರೀನ್ ಮದ್ರಸಕ್ಕೆ ಎಲ್ಲರಿಗೂ ಪ್ರವೇಶವಿದೆ. 1325ರಲ್ಲಿ ಮುಗಿದ ಕಟ್ಟಡವದು. ಅಲ್ಲಿ ಗೋಡೆಯ ಬಣ್ಣದ ಹೆಂಚುಗಳಲ್ಲಿದ್ದ ನಕ್ಷತ್ರದ ಮೂಲೆಗಳನ್ನು ಮಾಸ್ಟ್ರು ಬೆರಳಿಟ್ಟು ಎಣಿಸಿದರು. ವೃತ್ತವನ್ನು ಹೇಗೆ ಭಾಗಿಸಿ ಆ ಚಿತ್ರ ತೆಗೆಯುತ್ತಾರೆಂದು ನೋಟ್ ಪುಸ್ತಕದಲ್ಲಿ ಗೆರೆ ಎಳೆದು ನಮಗೆ ಪಾಠವನ್ನೇ ಮಾಡಿಬಿಟ್ಟರು. ಏಳು ವರ್ಷ ಮದ್ರಸದಲ್ಲಿ ಕಲಿತ ನನಗೆ ಆ ಗೋಡೆಯನ್ನು ಓದಿ ಹೇಳಿದವರು ಅವರು.

ಮರುದಿನ ಯಹೂದಿಗಳ ಹಳೆಯ ಕೇರಿ ಮೆಲ್ಲಾಹ್‌ಗೆ ಹೋದೆವು. ಅಲ್ಲಿದ್ದ ಹೆಚ್ಚಿನವರು 1948ರ ನಂತರದ ವರ್ಷಗಳಲ್ಲಿ ಇಸ್ರೇಲ್, ಫ್ರಾನ್ಸ್, ಕೆನಡಾ ಎಂದು ಚದುರಿಹೋದರು. 17ನೇ ಶತಮಾನದ ಇಬ್ನ್ ದನಾನ್ ಸಿನಗಾಗ್ ಉಳಿದಿದೆ. ಕದ ತಟ್ಟಿದೆವು. ಕಾವಲುಗಾರ ನಾವು ಯಾರು, ಯಾವ ಧರ್ಮ ಎಂದು ಕೇಳಲಿಲ್ಲ. ದೀಪ ಹಾಕಿದ. ನಾಲ್ವರೂ ಒಳಗೆ ಹೋದೆವು.